ಮಿಂಚೊ ಬಿಸಿನೀರಿನ ಊರಲ್ಲಿದ್ದಾನೆ

ಅಸೆನೊವ್‌ಗ್ರಾದ್
ಸೆಪ್ಟೆಂಬರ್ 24, 2000

ನನ್ನ ಮುದ್ದಿನ ಅಮ್ಮ,

ಮದುವೆಯ ಫೋಟೋಗಳು ಬಂದಿವೆ. ನಾಲ್ಕನ್ನು ಇದರ ಜೊತೆ ಇಟ್ಟಿದ್ದೇನೆ. ಆರಿಸುವುದಕ್ಕೆ ಒಂದು ಇಡೀ ಸಂಜೆ ಬೇಕಾಯಿತು, ಯಾಕೆಂದರೆ ಎಲ್ಲದರಲ್ಲೂ ನಾನು ಬಾಯ್ತುಂಬ ನಗುತ್ತಿದ್ದೇನೆ, ಎಲ್ಲದರಲ್ಲೂ ಲ್ಯೂಬೆನ್ ಕಣ್ಣು ಮುಚ್ಚಿದ್ದಾನೆ. ಎರಡನೆಯದರಲ್ಲಿ ಅತ್ತೆ ಪೆಂಕಾ ಬಾಗಿಲಲ್ಲಿ ನಿಂತು ನನ್ನ ಬಾಯಿಗೆ ಜೇನು ಹಚ್ಚಿದ ರೊಟ್ಟಿ ಇಡುತ್ತಿದ್ದಾರೆ, ಜೇನು ಗಲ್ಲದ ಮೇಲೆ ಇಳಿದು ಉಡುಪಿನ ತನಕ ಹೋಯಿತು, ಆದರೂ ನನಗೆ ಸ್ವಲ್ಪವೂ ಬೇಸರವಾಗಲಿಲ್ಲ. ಈಗ ನನಗೆ ಯಾವುದಕ್ಕೂ ಬೇಸರವಾಗುವುದಿಲ್ಲ ಅಮ್ಮ. ಬೆಳಿಗ್ಗೆ ಎದ್ದು ಕಾಫಿ ಇಡುವಾಗ ನನ್ನಷ್ಟಕ್ಕೆ ನಾನೇ ಹಾಡಿಕೊಳ್ಳುತ್ತೇನೆ. ಲ್ಯೂಬೆನ್‌ನ ಅಂಗಿ ಇಸ್ತ್ರಿ ಮಾಡುವುದು ಕೂಡ ಹಬ್ಬದ ಕೆಲಸದಂತೆ ಕಾಣುತ್ತದೆ. ನೀನು ನಗುತ್ತೀಯ ಎಂದು ಗೊತ್ತು, ನಗು.

ನಾವು ಮೇಲಿನ ಮಹಡಿಯಲ್ಲಿದ್ದೇವೆ, ಅತ್ತೆ ಮಾವ ಕೆಳಗೆ. ಮಾವ ಸ್ತಾಮೆನ್ ಇಡೀ ಆಯುಷ್ಯ ಪ್ಲೊವ್ದಿವ್‌ನಿಂದ ಸ್ಮೊಲ್ಯಾನ್ ಘಾಟಿಗೆ ಬಸ್ಸು ಓಡಿಸಿದವರು. ಈಗಲೂ ಊಟಕ್ಕೆ ಕರೆಯುವಾಗ "ಹತ್ತಿ ಹತ್ತಿ, ಬಾಗಿಲು ಹಾಕ್ತೀನಿ" ಎನ್ನುತ್ತಾರೆ. ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮದುಮಗಳೇ ಎನ್ನುತ್ತಾರೆ. ನಿನ್ನೆ ಅವರೂ ಅವರ ಅಣ್ಣ ಮಿಂಚೊ ದೊಡ್ಡಮಾವನೂ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಸುಡುತ್ತಾ ಕೂತಿದ್ದರು. ದೊಡ್ಡಮಾವ ಊರಿನ ಇನ್ನೊಂದು ತುದಿಯಲ್ಲಿದ್ದರೂ ದಿನಾ ಬರುತ್ತಾರೆ, ಬಂದು ತಮ್ಮನಿಗೆ ಬೈಯುತ್ತಾರೆ. "ನೀನು ಸುಡ್ತಾ ಇಲ್ಲ, ಇದ್ದಿಲು ಮಾಡ್ತಿದ್ದೀಯ" ಎಂದು ಅವರು. "ನಿಂಗೆ ಹಲ್ಲಿಲ್ಲ, ಇದ್ದಿಲಾದ್ರೇನು ಮೆಣಸಿನಕಾಯಾದ್ರೇನು" ಎಂದು ಇವರು.

ಒಂದೇ ಒಂದು ವಿಷಯ. ಮಾವನ ಹೃದಯದ ರಕ್ತನಾಳಗಳು ಕಟ್ಟಿಕೊಂಡಿವೆಯಂತೆ, ಅಕ್ಟೋಬರ್ ನಾಲ್ಕಕ್ಕೆ ಪ್ಲೊವ್ದಿವ್‌ನಲ್ಲಿ ಆಪರೇಷನ್. ಅವರಿಗೇನೂ ಹೆದರಿಕೆ ಇದ್ದಂತಿಲ್ಲ. "ಎದೆ ಬಿಚ್ಚಿ ನೋಡ್ತಾರಂತೆ. ಒಳಗೇನಿದೆ ಅಂತ ಪೆಂಕಾಗೂ ಎಷ್ಟೋ ವರ್ಷದಿಂದ ಕುತೂಹಲ" ಎಂದರು. ಅತ್ತೆ ಪಾತ್ರೆ ಒರೆಸುವ ಬಟ್ಟೆಯಿಂದ ಅವರಿಗೆ ಒಂದು ಬಿಟ್ಟರು.

ನಿನಗೆ ಮದುವೆಗೆ ಬರಲಾಗದ್ದಕ್ಕೆ ಇಲ್ಲಿ ಯಾರೂ ಏನೂ ಅಂದುಕೊಂಡಿಲ್ಲ.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಹುಚ್ಚು ಸಂತೋಷದ ಮಗಳು
ನೆವೆನಾ


ಬೊಲೋನ್ಯ
ಅಕ್ಟೋಬರ್ 3

ನೆವೆನಾ,

ಫೋಟೋಗಳು ಬಂದವು. ಉಡುಪು ಚೆನ್ನಾಗಿದೆ. ಸೊಂಟದಲ್ಲಿ ಸ್ವಲ್ಪ ಹಿಡಿಯಬೇಕಿತ್ತು.

ನಾನು ನೋಡಿಕೊಳ್ಳುವ ಮುದುಕಿಗೆ ಒಂದನ್ನು ತೋರಿಸಿದೆ. ನಿನ್ನನ್ನು ತನ್ನ ತಂಗಿ ಎಂದುಕೊಂಡಳು, ತಂಗಿಯ ಮದುವೆಗೆ ತನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದಳು. ಕರೆದಿದ್ದರು, ನಿಮಗೆ ಜ್ವರ ಇತ್ತು ಎಂದೆ. ಸಮಾಧಾನವಾಯಿತು.

ಕಾಗದಪತ್ರಗಳು ಇನ್ನೂ ಆಗಿಲ್ಲ. ಈಗ ಗಡಿ ದಾಟಿದರೆ ಮತ್ತೆ ಒಳಗೆ ಬಿಡುವುದಿಲ್ಲ. ಚಳಿಗಾಲಕ್ಕೆ ಹಳೆಯ ಕಂದು ಕೋಟು ತೊಳೆಸಿಕೋ. ಮಾವನಿಗೆ ಒಳ್ಳೆಯದಾಗಲಿ ಎಂದು ಹೇಳು.

ಅಮ್ಮ


ಅಸೆನೊವ್‌ಗ್ರಾದ್
ಅಕ್ಟೋಬರ್ 10

ಅಮ್ಮ,

ಆಪರೇಷನ್ ಚೆನ್ನಾಗಿ ಆಯಿತು. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದನ್ನು ಯಾವ ಕ್ರಮದಲ್ಲಿ ಬರೆಯಬೇಕೋ ತಿಳಿಯುತ್ತಿಲ್ಲ.

ಗಂಟಲಿನ ಕೊಳವೆ ತೆಗೆದ ಮೇಲೆ ಮಾವ ಮೊದಲು ಆಡಿದ ಮಾತು ನರ್ಸಿಗೆ: "ಟಿಕೆಟ್ ತೋರ್ಸಮ್ಮ." ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು, ಇವರು ಮತ್ತೆ ಶುರು ಮಾಡಿದರು ಎಂದುಕೊಂಡೆವು. ಅವರು ನಗಲಿಲ್ಲ. ಆ ವಾರ್ಡ್ ಅವರಿಗೆ ಬಸ್ಸಾಗಿತ್ತು. ಬಸ್ಸು ಘಾಟಿಯಿಂದ ಕೆಳಗಿಳಿಯುತ್ತಿದೆ, ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲ. "ಯಾರಾದ್ರೂ ಬ್ರೇಕ್ ಹಾಕ್ರೋ, ಹಿಂದೆ ಮಕ್ಕಳಿದ್ದಾರೆ" ಎಂದು ಕೂಗಿದರು. ಏಳಲು ಹೋಗಿ ಕೈಯ ಸೂಜಿ ಕಿತ್ತರು. ಈಗ ಎರಡೂ ಮಣಿಕಟ್ಟನ್ನು ಮೆತ್ತನೆಯ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದಾರೆ. ಮೇಲೆ ತೂಗುಹಾಕಿದ ಔಷಧಿ ಚೀಲಗಳು ಅವರಿಗೆ ಯಾರೋ ಕದ್ದು ಸಾಗಿಸುತ್ತಿರುವ ಮಾಂಸ. ಗೋಡೆಯಿಂದ ನೀರು ಬರುತ್ತಿದೆ. ಲ್ಯೂಬೆನ್‌ನನ್ನು ನೋಡಿ, "ನೀನು ಯಾರ ಮಗನಪ್ಪ? ನಿಮ್ಮಪ್ಪ ಎಲ್ಲಿ ಇಳಿದ?" ಎಂದು ತುಂಬ ಮರ್ಯಾದೆಯಿಂದ ಕೇಳಿದರು. ಲ್ಯೂಬೆನ್ ಹೊರಗೆ ಹೋಗಿ ಕಾರಿಡಾರಿನ ಕಿಟಕಿಯ ಹತ್ತಿರ ನಿಂತ.

ಡಾಕ್ಟರ್ ಒಳ್ಳೆಯವರು. "ಹೃದಯದ ಆಪರೇಷನ್ ಆದ ಎಷ್ಟೋ ಜನಕ್ಕೆ ಹೀಗೆ ಸನ್ನಿ ಬರುತ್ತೆ. ಹೋಗುತ್ತೆ. ಅವರ ಕನ್ನಡಕ ತನ್ನಿ, ಕಣ್ಣಿಗೆ ಕಾಣೋ ಹಾಗೆ ಗಡಿಯಾರ ಇಡಿ, ಒಬ್ಬೊಬ್ಬರೇ ಬಂದು ಇವತ್ತು ಯಾವ ವಾರ, ಇದು ಯಾವ ಜಾಗ ಅಂತ ಮೆತ್ತಗೆ ಹೇಳ್ತಾ ಇರಿ. ವಾದ ಮಾಡ್ಬೇಡಿ, ಗಾಬರಿಪಡಿಸ್ಬೇಡಿ" ಎಂದರು.

ಹಾಗೆ ಹೇಳಿದ ದಿನವೇ ಮಿಂಚೊ ದೊಡ್ಡಮಾವ ತೀರಿಕೊಂಡರು. ಏಣಿ ಹತ್ತಿ ಚಪ್ಪರದ ದ್ರಾಕ್ಷಿ ಕೊಯ್ಯುತ್ತಿದ್ದರಂತೆ. ಏಣಿಯಿಂದ ಬೀಳಲಿಲ್ಲ, ಇಳಿದು ಬಂದು, ಬುಟ್ಟಿ ಕೆಳಗಿಟ್ಟು, ಅದರ ಪಕ್ಕದಲ್ಲಿ ಕೂತರಂತೆ. ಅಷ್ಟೇ.

ಮಾವನಿಗೆ ಹೇಳುವುದು ಬೇಡ ಎಂದು ಅತ್ತೆ ಅಲ್ಲೇ ತೀರ್ಮಾನಿಸಿದರು. ಯಾರೂ ಬೇರೆ ಮಾತಾಡಲಿಲ್ಲ, ನಮ್ಮಲ್ಲಿ ಎದೆಬೇನೆಯವರಿಗೆ ಸಾವಿನ ಸುದ್ದಿ ಯಾರು ತಾನೆ ಹೇಳುತ್ತಾರೆ. ಮಿಂಚೊ ಮಂಡಿನೋವಿಗೆಂದು ಬಿಸಿನೀರಿನ ಬುಗ್ಗೆಗಳಿರುವ ಹಿಸಾರ್ಯಾ ಊರಿಗೆ ಸ್ನಾನಕ್ಕೆ ಹೋಗಿದ್ದಾನೆ ಎಂದು ಹೇಳಬೇಕು. ಮಣ್ಣು ಮಾಡಿ ಬಂದ ಅತ್ತೆ ಆಸ್ಪತ್ರೆಯ ಶೌಚಾಲಯದಲ್ಲಿ ಕಪ್ಪು ರವಿಕೆ ಬಿಚ್ಚಿ, ಚೀಲದಿಂದ ಹೂವಿನ ರವಿಕೆ ತೆಗೆದು ಹಾಕಿಕೊಂಡರು. ನಾನು ಹಿಂದಿನ ಗುಂಡಿ ಹಾಕಿದೆ.

ಆದರೆ ಮಾವನ ಪಕ್ಕ ಕೂತಾಗ ಅವರ ಕಣ್ಣು ಮುಚ್ಚಿತ್ತು, ನಿದ್ದೆ ಎಂದುಕೊಂಡು ಅತ್ತೆ ಅವರ ಕಟ್ಟಿದ ಕೈ ಹಿಡಿದು ಹೇಳಿಬಿಟ್ಟರು: "ಮಿಂಚೊ ಹೋದ, ಸ್ತಾಮೆನ್. ನೀನೂ ಹೊರಟುಬಿಡ್ಬೇಡ." ಮಾವ ಕಣ್ಣು ಬಿಟ್ಟರು. "ನಮ್ಮಣ್ಣ ಸತ್ತ" ಎಂದು ಒಂದೇ ಸಮನೆ ಕೂಗತೊಡಗಿದರು, ಅತ್ತರು. ಕೈ ಕಟ್ಟಿದ್ದರಿಂದ ಕಣ್ಣೊರೆಸಿಕೊಳ್ಳಲು ಆಗುತ್ತಿರಲಿಲ್ಲ. ನರ್ಸ್ ಬಂದು, "ಬಸ್ಸು ಮುಗೀತು, ಈಗ ಅಣ್ಣ ಶುರುವಾಯ್ತಾ? ಯಾರೂ ಸತ್ತಿಲ್ಲ ತಾತ, ಮಲಗಿ" ಎಂದು ಸೂಜಿ ಕೊಟ್ಟಳು.

ಅತ್ತೆ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದರು. "ಸನ್ನಿಯಲ್ಲಿ ಕೇಳಿದ್ದು ಸನ್ನಿಯಲ್ಲೇ ಹೋಗ್ಲಿ. ಲ್ಯೂಬೆನ್‌ಗೂ ಹೇಳ್ಬೇಡ ಮಗಳೇ."

ನಿನಗೆ ಮಾತ್ರ ಬರೆದಿದ್ದೇನೆ.

ನೆವೆನಾ


ಅಸೆನೊವ್‌ಗ್ರಾದ್
ಅಕ್ಟೋಬರ್ 18

ಅಮ್ಮ,

ಮಾವನಿಗೆ ತಿಳಿವು ಬಂದಿದೆ. ಮಂಜು ಸರಿದಂತೆ ಒಮ್ಮೆಲೇ ಅಲ್ಲ, ಬೆಳಿಗ್ಗೆ ಇದ್ದು ಸಂಜೆಗೆ ಹೋಗಿ, ಮತ್ತೆ ಬಂದು. ಈಗ ಬಟ್ಟೆ ಕಟ್ಟುವುದಿಲ್ಲ. ಮಣಿಕಟ್ಟಿನ ಮೇಲೆ ನೀಲಿ ಕಲೆಗಳಿವೆ, ಅವು ಹೇಗೆ ಬಂದವು ಎಂದು ಅವರಿಗೆ ಗೊತ್ತಿಲ್ಲ.

ನಿನ್ನೆ ನಾನೊಬ್ಬಳೇ ಇದ್ದಾಗ ಹತ್ತಿರ ಕರೆದರು. ದನಿ ಇನ್ನೂ ಒಡೆದಿದೆ.

"ಮದುಮಗಳೇ, ನಿನ್ನ ಒಂದಿಷ್ಟು ಕೇಳ್ತೀನಿ. ನೀನು ಈ ಮನೆಗೆ ಹೊಸಬಳು, ನಮ್ಮವರ ಥರ ಸುಳ್ಳು ಹೇಳೋಕೆ ಇನ್ನೂ ಕಲ್ತಿಲ್ಲ. ಬಸ್ಸು ಇತ್ತಾ?"

"ಇರಲಿಲ್ಲ ಮಾವ."

"ಗೋಡೆಯಿಂದ ನೀರು?"

"ಇಲ್ಲ."

"ಮೇಲೆ ಮಾಂಸ ನೇತಾಡ್ತಿತ್ತಲ್ಲ."

"ಅವು ಔಷಧಿ ಚೀಲ."

ಅವರು ನಕ್ಕರು, ಎದೆಯ ಹೊಲಿಗೆ ಎಳೆಯಿತೆಂದು ನಿಲ್ಲಿಸಿದರು. ಆಮೇಲೆ ಗಡಿಯಾರ ನೋಡುತ್ತಾ ಕೇಳಿದರು.

"ನಮ್ಮಣ್ಣ?"

ನಾನು ಅದೇ ದನಿಯಲ್ಲಿ ಹೇಳಿದೆ, "ಅದೂ ಇಲ್ಲ ಮಾವ. ದೊಡ್ಡಮಾವ ಹಿಸಾರ್ಯಾಗೆ ಸ್ನಾನಕ್ಕೆ ಹೋಗಿದ್ದಾರೆ."

ಅವರು ಬಿಟ್ಟ ಉಸಿರು ಎಷ್ಟು ಉದ್ದವಿತ್ತು ಎಂದರೆ ಪಕ್ಕದ ಮಂಚದವರೂ ತಿರುಗಿ ನೋಡಿದರು. "ಎಂಥಾ ಹಾಳು ಕನಸು" ಎಂದರು. ಸೇಬು ಹೆಚ್ಚಿಕೊಡು ಎಂದರು. ತಿಂದು ಮಲಗಿದರು. ಆಪರೇಷನ್ ಆದ ಮೇಲೆ ಇಷ್ಟು ಚೆನ್ನಾಗಿ ಮಲಗಿದ್ದು ಇದೇ ಮೊದಲು ಎಂದು ನರ್ಸ್ ಹೇಳಿದಳು. ನಾನು ಸೇಬಿನ ಸಿಪ್ಪೆ ಎತ್ತಿಟ್ಟೆ. ನನಗೆ ಏನಾದರೂ ಅನ್ನಿಸಬೇಕಿತ್ತು ಎಂದು ಕಾದೆ. ಏನೂ ಅನ್ನಿಸಲಿಲ್ಲ.

ಎರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ.

ನಿನ್ನ
ನೆವೆನಾ


ಅಸೆನೊವ್‌ಗ್ರಾದ್
ಅಕ್ಟೋಬರ್ 29

ಅಮ್ಮ,

ನಿನ್ನ ಕಾಗದ ಬಂದಿಲ್ಲ. ನನ್ನವು ತಲುಪಿವೆಯೋ ಇಲ್ಲವೋ.

ಮಾವನನ್ನು ಕರೆತರುವ ಮುಂಚಿನ ದಿನ ನಾನೂ ಲ್ಯೂಬೆನ್‌ನೂ ಬಕೆಟ್‌ನಲ್ಲಿ ಬಿಸಿನೀರು, ಹಳೆಯ ಚಾಕು ಹಿಡಿದು ಊರೆಲ್ಲ ಸುತ್ತಿ ದೊಡ್ಡಮಾವನ ಫೋಟೋ ಹಾಕಿ ಗೋಡೆ ಮರಗಳಿಗೆ ಅಂಟಿಸಿದ್ದ ಸಾವಿನ ಕಾಗದಗಳನ್ನು ಕಿತ್ತೆವು. ನಮ್ಮ ಬಾಗಿಲ ಮೇಲಿನದು, ಕಪ್ಪು ಪಟ್ಟಿಯೊಂದಿಗೆ. ಬೇಕರಿಯ ಪಕ್ಕದ ಮರದ್ದು. ಬಸ್ ನಿಲ್ದಾಣದ ಕಂಬದ್ದು, ಸೇತುವೆಯ ಹತ್ತಿರದ ಗೋಡೆಯದು. ಅಂಟು ಗಟ್ಟಿಯಾಗಿತ್ತು. ಒದ್ದೆ ಮಾಡಿ ಕೆರೆಯಬೇಕು, ಮುಖ ಅರ್ಧ ಬರುತ್ತದೆ, ಅರ್ಧ ಉಳಿಯುತ್ತದೆ. ಸತ್ತವರ ಕಾಗದ ಯಾರೂ ಕೀಳುವುದಿಲ್ಲ, ಅದು ಮಳೆಗೆ ತಾನೇ ಹೋಗಬೇಕು, ಹಾಗಾಗಿ ಒಬ್ಬಳು ಮುದುಕಿ ನಿಂತು, "ನಿಮಗೆ ನಾಚ್ಕೆ ಆಗಲ್ವಾ?" ಎಂದಳು. ಲ್ಯೂಬೆನ್ ವಿಷಯ ಹೇಳಿದ. ಅವಳು ಶಿಲುಬೆಯ ಗುರುತು ಮಾಡಿಕೊಂಡು, ತನ್ನ ಉಗುರಿನಿಂದ ಒಂದು ಮೂಲೆ ಕಿತ್ತುಕೊಟ್ಟಳು. ಮದುವೆಯಾದ ಮೇಲೆ ನಾವಿಬ್ಬರೇ ಹೊರಗೆ ಸುತ್ತಿದ್ದು ಅದೇ ಮೊದಲು.

ಬೀದಿಯವರೆಲ್ಲ ಇದರಲ್ಲಿ ಸೇರಿದ್ದಾರೆ. ನೋಡಲು ಬಂದವರು ಬಾಗಿಲಲ್ಲೇ ಕಪ್ಪು ಸ್ಕಾರ್ಫ್ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ದೊಡ್ಡತ್ತೆ ಮಾತ್ರ ಬರುವುದಿಲ್ಲ. "ನನ್ನ ಗಂಡನ ಕಪ್ಪು ನಾನು ಯಾರಿಗೋಸ್ಕರವೂ ಬಿಚ್ಚಲ್ಲ" ಎಂದು ಹೇಳಿ ಕಳಿಸಿದ್ದಾರೆ. ಅವರೂ ಹಿಸಾರ್ಯಾದಲ್ಲಿದ್ದಾರೆ ಎಂದಾಯಿತು.

ಮಾವ ನಿಧಾನವಾಗಿ ನಡೆಯುತ್ತಾರೆ, ಜೋಕು ಮಾಡುವುದಿಲ್ಲ. ಅವರಿಗೆ ಈಗ ತಮ್ಮ ಕಣ್ಣಿನ ಮೇಲೆ, ಕಿವಿಯ ಮೇಲೆ ನಂಬಿಕೆಯಿಲ್ಲ. ಪ್ರತಿಯೊಂದಕ್ಕೂ ನನ್ನನ್ನು ಕೇಳುತ್ತಾರೆ, ಬೇರೆ ಯಾರನ್ನೂ ಅಲ್ಲ. "ಮದುಮಗಳೇ, ಗೋಡೆ ಮೇಲೆ ಬೆಕ್ಕಿದೆಯಾ?" ಇದೆ ಮಾವ. "ಈಗ ಯಾರೋ ಬೆಲ್ ಒತ್ತಿದ್ರಾ?" ಇಲ್ಲ ಮಾವ, ಟಿವಿ. ನಾನು ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ತಪ್ಪಿದರೆ ಮತ್ತೆ ಆ ವಾರ್ಡಿಗೆ ಕಳಿಸಿಬಿಟ್ಟಾರು ಎಂಬ ಭಯ ಅವರಿಗೆ. ಮೊನ್ನೆ, "ಅಣ್ಣ ಒಂದು ಫೋನಾದ್ರೂ ಮಾಡ್ಬಾರ್ದಾ" ಎಂದರು. ನೀವು ಮಲಗಿದ್ದಾಗ ಮಾಡಿದ್ದರು ಎಂದು ಲ್ಯೂಬೆನ್ ಹೇಳಿದ. ಮಾವ ನನ್ನ ಮುಖ ನೋಡಿದರು. ನಾನು ಹೌದೆಂದೆ.

ಯಾವತ್ತು ಹೇಳುವುದು ಎಂದು ನಾನು ಕೇಳಿದರೆ ಅತ್ತೆ, "ಗಟ್ಟಿಯಾಗ್ಲಿ" ಎನ್ನುತ್ತಾರೆ. ಆದರೆ ಅವರು ಗಟ್ಟಿಯಾಗಬೇಕಾದರೆ ತಮ್ಮ ತಲೆಯನ್ನು ತಾವು ನಂಬಬೇಕು, ಅಮ್ಮ. ಅದನ್ನು ನಾನೇ ಅವರ ಕೈಯಿಂದ ಕಿತ್ತು ಇಟ್ಟುಕೊಂಡಿದ್ದೇನೆ. ನೀನು ಆ ಮುದುಕಿಯ ಜೊತೆ ದಿನಾ ಇರುತ್ತೀಯ. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ನೆವೆನಾ


ಬೊಲೋನ್ಯ
ನವೆಂಬರ್ 6

ನೆವೆನಾ,

ನಿನ್ನ ಕಾಗದಗಳೆಲ್ಲ ಬಂದಿವೆ. ಮುದುಕಿಗೆ ನೆಗಡಿಯಾಗಿತ್ತು, ಬರೆಯಲಾಗಲಿಲ್ಲ.

ಇವಳಿಗೆ ಏನು ಹೇಳಿದರೂ ನಡೆಯುತ್ತದೆ, ನಾಳೆಗೆ ಅವಳಿಗೆ ನೆನಪಿರುವುದಿಲ್ಲ. ನಿನ್ನ ಮಾವನಿಗೆ ನೆನಪಿರುತ್ತದೆ. ಇಬ್ಬರನ್ನೂ ಒಂದೇ ಎಂದುಕೊಳ್ಳಬೇಡ.

ನಿನ್ನ ಅಜ್ಜಿ ತೀರಿಕೊಂಡದ್ದು ಮಾರ್ಚಿನಲ್ಲಿ. ನೀವು ನನಗೆ ಹೇಳಿದ್ದು ಈಸ್ಟರ್ ಆದ ಮೇಲೆ. ತಿಳಿದರೆ ಹೊರಟುಬರುತ್ತೇನೆ, ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ, ಮನೆ ನಡೆಯುವುದು ಹೇಗೆ ಎಂದು ನೀವೆಲ್ಲ ಕೂತು ಯೋಚಿಸಿದ್ದೀರಿ. ಸರಿಯಾಗಿಯೇ ಯೋಚಿಸಿದ್ದೀರಿ. ನಡುವೆ ನಾನು ಅಮ್ಮನಿಗೆ ಉಣ್ಣೆಯ ಚಪ್ಪಲಿ ಕಳಿಸಿದ್ದೆ. ಅಳತೆ ಸರಿಯಾಗಿದೆ, ಅಜ್ಜಿ ಮನೆಯೊಳಗೆಲ್ಲ ಅದನ್ನೇ ಹಾಕಿಕೊಂಡು ಓಡಾಡುತ್ತಾಳೆ ಎಂದು ನೀನು ಬರೆದೆ.

ಆ ಕಾಗದ ಚೆನ್ನಾಗಿತ್ತು. ನಾನು ಅದನ್ನು ಮುದುಕಿಗೂ ಓದಿ ಹೇಳಿದ್ದೆ.

ಮಾವನಿಗೆ ಉಪ್ಪು ಕಮ್ಮಿ ಹಾಕಿ. ಕೋಟು ತೊಳೆಸಿದೆಯಾ?

ಅಮ್ಮ


ಅಸೆನೊವ್‌ಗ್ರಾದ್
ನವೆಂಬರ್ 17

ಅಮ್ಮ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ಕೂತು ಮತ್ತೆ ಓದಿದೆ. ಅದಕ್ಕೆ ಏನು ಬರೆಯಬೇಕೋ ನನಗೆ ಗೊತ್ತಿಲ್ಲ, ಹಾಗಾಗಿ ಇಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಮಂಗಳವಾರ ದೊಡ್ಡಮಾವನ ನಲವತ್ತನೆಯ ದಿನ. ನಲವತ್ತಕ್ಕೆ ಹೊಸ ಕಾಗದ ಹಚ್ಚುತ್ತಾರೆ ಎನ್ನುವುದು ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಆ ಕಾಗದಗಳ ನಡುವೆ ಓಡಾಡಿದವರಿಗೆ ಕೂಡ. ಬೆಳಿಗ್ಗೆ ಅತ್ತೆ ಮಾರುಕಟ್ಟೆಗೆಂದು ಹೇಳಿ ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ಡಬ್ಬಿಯೊಂದಿಗೆ ಸ್ಮಶಾನಕ್ಕೆ ಹೋದರು. ಲ್ಯೂಬೆನ್ ಕೆಲಸಕ್ಕೆಂದು ಹೇಳಿ ಅಲ್ಲಿಗೇ ಹೋದ. ಎಂದಿನಂತೆ ನಾನು ಮಾವನನ್ನು ಸೇತುವೆಯ ತನಕ ನಡೆಸಿಕೊಂಡು ಹೊರಟೆ. ಡಾಕ್ಟರ್ ಹೇಳಿದ್ದಾರೆ, ನಡೆಯಲೇಬೇಕು.

ಬಸ್ ನಿಲ್ದಾಣದ ಹತ್ತಿರ ಅವರು ನಿಂತರು. ನಾನೂ ನೋಡಿದೆ. ದೊಡ್ಡತ್ತೆ ದೊಡ್ಡ ಫೋಟೋ ಹಾಕಿಸಿದ್ದಾರೆ, ಟೋಪಿ ಹಾಕಿಕೊಂಡದ್ದು. ಅಂಟು ಇನ್ನೂ ಒದ್ದೆ ಇತ್ತು.

ಮಾವನ ಮುಖದಲ್ಲಿ ದುಃಖವಿರಲಿಲ್ಲ. ಭಯವಿತ್ತು. ಬಸ್ಸಿಗೆ ಬ್ರೇಕ್ ಹಾಕಿ ಎಂದು ಕೂಗಿದಾಗಿನ ಭಯ. ಆದರೆ ಈ ಸಲ ಕೂಗಲಿಲ್ಲ, ತುಂಬ ಸಣ್ಣ ದನಿಯಲ್ಲಿ, ಯಾರಿಗೂ ಕೇಳಬಾರದು ಎಂಬಂತೆ, "ಮದುಮಗಳೇ, ಆ ಕಂಬದ ಮೇಲೆ ಏನಾದ್ರೂ ಇದೆಯಾ?" ಎಂದರು.

ಇಲ್ಲ ಎಂದಿದ್ದರೆ ಅವರು ನಂಬುತ್ತಿದ್ದರು. ಕಣ್ಣೆದುರು ಇದ್ದದ್ದನ್ನು ಇಲ್ಲವೆಂದು ನಂಬಿ ನನ್ನ ಜೊತೆ ನಡೆದು ಬರುತ್ತಿದ್ದರು. ಇನ್ನು ಮುಂದೆ ಯಾವುದನ್ನೂ ನೋಡುತ್ತಿರಲಿಲ್ಲ.

"ಇದೆ" ಎಂದೆ.

"ಸಾವಿನ ಕಾಗದ."

"ಹೌದು."

"ಯಾರ್ದು? ನೀನೇ ಹೇಳು."

"ಮಿಂಚೊ ದೊಡ್ಡಮಾವಂದು."

ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಮೇಲಿನಿಂದ ಓದಿದರು. ಕೊನೆಯ ಸಾಲಿಗೆ ಬಂದಾಗ ಅದರ ಕೆಳಗೆ ಬೆರಳಿಟ್ಟರು. ಅಲ್ಲಿ ದುಃಖದಲ್ಲಿರುವವರ ಹೆಸರುಗಳಿದ್ದವು: ಹೆಂಡತಿ, ಹೆಣ್ಣುಮಕ್ಕಳು, ತಮ್ಮ ಸ್ತಾಮೆನ್.

"ನನ್ನ ಹೆಸರಿದೆ" ಎಂದರು. "ಇದೂ ಇದೆಯಾ?"

"ಇದೆ ಮಾವ."

"ನಲವತ್ತು ದಿನದಿಂದ ದುಃಖದಲ್ಲಿದ್ದೀನಿ. ನಂಗೊಬ್ಬನಿಗೆ ಹೇಳಿಲ್ಲ ನೋಡು."

ಜೋಕು ಮಾಡಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಒಂದು ಬಸ್ಸು ಬಂತು, ಡ್ರೈವರ್ ಅವರನ್ನು ಗುರುತಿಸಿ ಕೈಯೆತ್ತಿದ, ಇವರೂ ಎತ್ತಿದರು. ಬಸ್ಸು ಹೋಯಿತು.

"ಹಾಗಾದ್ರೆ ಆಸ್ಪತ್ರೆಯಲ್ಲಿ ಪೆಂಕಾ ಹೇಳಿದ್ದು ನಿಜ."

"ನಿಜ."

"ನೀರು?"

"ನೀರು ಇರಲಿಲ್ಲ. ಬಸ್ಸೂ ಇರಲಿಲ್ಲ. ಅದೊಂದೇ ನಿಜ. ನಾನು ನಿಮಗೆ ಸುಳ್ಳು ಹೇಳಿದೆ."

"ಅದೊಂದೇ" ಎಂದು ಅವರು ತಲೆಯಾಡಿಸಿದರು. ಕಳೆದುಹೋದ ಸಾಮಾನುಗಳ ರಾಶಿಯಲ್ಲಿ ತಮ್ಮದು ಯಾವುದು ಎಂದು ಬೇರೆ ಮಾಡಿಕೊಳ್ಳುವವರಂತೆ ಸ್ವಲ್ಪ ಹೊತ್ತು ಕೂತರು. ಅವರ ಹೆಗಲು ಇಳಿಯಿತು. ನಾನು ಹೆದರಿದೆ, ಆದರೆ ಅದು ನೋವಲ್ಲ. ತಲೆ ಕೆಟ್ಟಿಲ್ಲ ಎಂಬ ನಿರಾಳ. ಅಣ್ಣನ ಸಾವಿನ ಕಾಗದದ ಎದುರು ಕೂತು ಅವರಿಗೆ ಮೊದಲು ಬಂದದ್ದು ಅದು.

"ಅವತ್ತು ನಾನು ಅತ್ತಿದ್ನಾ?"

"ತುಂಬ ಅತ್ರಿ."

"ಸರಿ. ಈಗ ಬರ್ತಾ ಇಲ್ಲ. ಅಲ್ಲೇ ಮುಗಿಸಿಬಿಟ್ಟಿದ್ದೀನಿ ಅನ್ಸತ್ತೆ." ಎದ್ದು ನಿಂತರು. "ಸೇತುವೆ ತನಕ ಹೋಗ್ಬೇಕಲ್ವಾ, ನಡಿ."

ಸೇತುವೆಯ ತನಕ ಹೋಗಿ ಬಂದೆವು. ಮನೆಯ ತಿರುವಿನಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿದರು. "ಪೆಂಕಾಗೆ ಗೊತ್ತಾಗೋದು ಬೇಡ. ಅವಳಿಗೆ ಬಿ.ಪಿ. ಇದೆ. ಇಷ್ಟು ದಿನ ಒದ್ದಾಡಿ ಮುಚ್ಚಿಟ್ಟಿದ್ದಾಳೆ, ಪಾಪ."

ಆವತ್ತಿನಿಂದ ಮಾವ ನನ್ನನ್ನು ಏನನ್ನೂ ಕೇಳುವುದಿಲ್ಲ. ಬೆಕ್ಕು ಗೋಡೆಯ ಮೇಲಿದ್ದರೆ ಇದೆ. ಬೆಲ್ ಆದರೆ ತಾವೇ ಎದ್ದು ಹೋಗುತ್ತಾರೆ. ಇದಕ್ಕೆ ನನಗೆ ಸಂತೋಷವಾಗಬೇಕು. ನಾನು ಅವರ ಎದುರು ಸುಮ್ಮನೆ ಓಡಾಡುತ್ತಿರುತ್ತೇನೆ.

ಇವತ್ತು ಮಧ್ಯಾಹ್ನ ನಾಲ್ಕೂ ಜನ ಬೀನ್ಸ್ ಕಾಳಿನ ಸಾರಿನ ಊಟಕ್ಕೆ ಕೂತಿದ್ದೆವು. ಲ್ಯೂಬೆನ್ ಎಂದಿನ ಹಾಗೆ, "ಅಪ್ಪ, ದೊಡ್ಡಪ್ಪ ಫೋನ್ ಮಾಡಿದ್ರು" ಎಂದ.

ನಾನು ಚಮಚ ಕೆಳಗಿಟ್ಟೆ.

"ಹೌದಾ?" ಎಂದರು ಮಾವ. "ಮಂಡಿ ಹೇಗಿದೆಯಂತೆ?"

ಅವರು ಇಷ್ಟು ದಿನ ಹೀಗೆ ಕೇಳಿರಲಿಲ್ಲ. ಲ್ಯೂಬೆನ್‌ಗೆ ಧೈರ್ಯ ಬಂತು. "ವಾಸಿಯಂತೆ. ಕೋಲಿಲ್ದೆ ನಡೀತಾರಂತೆ."

"ಊಟಗೀಟ?"

"ಮೀನು ಕೊಡ್ತಾರಂತೆ ದಿನಾ" ಎಂದರು ಅತ್ತೆ, ಬಟ್ಟಲು ನೋಡುತ್ತಾ.

"ಅವನಿಗೆ ಮೀನು ಇಷ್ಟ. ಮುಳ್ಳು ತೆಗೀದೆ ತಿಂತಾನೆ, ಹುಷಾರು ಅನ್ನಿ. ಮತ್ತೆ ಬಿಸಿನೀರಿಂದ ಎದ್ದು ಹಾಗೇ ಗಾಳಿಗೆ ಹೋಗ್ತಾನೆ. ಚಿಕ್ಕಂದಿನಿಂದ ಹಾಗೇ. ಅಮ್ಮ ಟವೆಲ್ ಹಿಡ್ಕೊಂಡು ಹಿಂದೆ ಓಡೋಳು." ಮಾವ ರೊಟ್ಟಿ ಮುರಿದರು. ಆಮೇಲೆ, ಮಂಗಳವಾರದ ನಂತರ ಮೊದಲ ಸಲ, ನನ್ನ ಕಡೆ ತಿರುಗಿದರು. "ನಿನ್ನ ಹತ್ರ ಏನಂದ ಮದುಮಗಳೇ?"

ಎಲ್ಲರೂ ನನ್ನನ್ನು ನೋಡಿದರು. ಲ್ಯೂಬೆನ್ ಮೇಜಿನಡಿ ನನ್ನ ಕಾಲು ತಾಗಿಸಿದ. ಮಾವ ಕಾಯುತ್ತಿದ್ದರು. ನಾನು ಹೇಳಲೇಬೇಕೆಂದು ಅವರು ಕಾಯುತ್ತಿದ್ದರು.

"ಹಿಮ ಬೀಳೋಕೆ ಮುಂಚೆ ಬಂದುಬಿಡ್ತೀನಿ ಅಂದ್ರು" ಎಂದೆ.

"ಅವಸರ ಇಲ್ಲ ಅಂತ ಹೇಳು" ಎಂದರು ಮಾವ. "ಅಲ್ಲೇ ಬೆಚ್ಚಗಿರ್ಲಿ."

ನೆವೆನಾ